ಒಂದೇ ಆಲ್ಬಂ, ಒಂದೇ ಕಂಪನಿ, ಎರಡು ಸಲ ಬಿಲ್ಲು: ವಿಲ್ಕೋ ಬ್ಯಾಂಡಿನ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಕಥೆ

(ಇದು ಆಡಿಯೋ ಎಪಿಸೋಡಿನ ಬರಹ ರೂಪ. ಮಾತಿನ ಧಾಟಿ ಹಾಗೇ ಇದೆ, ಓದೋಕೆ ಅನುಕೂಲ ಆಗುವಷ್ಟು ಮಾತ್ರ ತಿದ್ದಿದ್ದೇವೆ.)

ಇವತ್ತಿನದು ಹಾಡಿನ ಕಥೆ. ಆದರೆ ಶುರು ಮಾಡೋದು ಲೆಕ್ಕದಿಂದ. ಬಿ.ಕಾಂ ಓದಿದವನ ಕೈಗೆ ಮೈಕ್ ಸಿಕ್ಕರೆ ಇಷ್ಟೇ ಗತಿ, ಸ್ವಲ್ಪ ಸಹಿಸ್ಕೊಳ್ಳಿ.

ಒಂದು ದೊಡ್ಡ ಕಂಪನಿ ಇದೆ ಅಂದ್ಕೊಳ್ಳಿ. ಅದರ ಒಂದು ವಿಭಾಗ ಒಂದು ಬ್ಯಾಂಡಿಗೆ ದುಡ್ಡು ಕೊಟ್ಟು ಆಲ್ಬಂ ಮಾಡಿಸುತ್ತೆ. ಆಲ್ಬಂ ರೆಡಿ ಆದ ಮೇಲೆ ಕೇಳಿ ನೋಡಿ, ‘ಇದು ಓಡಲ್ಲ, ನೀವು ಹೊರಡಿ’ ಅನ್ನುತ್ತೆ. ಬ್ಯಾಂಡಿನವರು ತಮ್ಮ ಆಲ್ಬಂ ಕಂಕುಳಲ್ಲಿ ಇಟ್ಕೊಂಡು ಆಚೆ ಬರ್ತಾರೆ. ಕೆಲವೇ ತಿಂಗಳಲ್ಲಿ ಅದೇ ಕಂಪನಿಯ ಇನ್ನೊಂದು ವಿಭಾಗ ಬಂದು, ಅದೇ ಬ್ಯಾಂಡಿಗೆ, ಅದೇ ಆಲ್ಬಂಗೆ ಮತ್ತೆ ದುಡ್ಡು ಕೊಟ್ಟು ತಗೊಳ್ಳುತ್ತೆ. ಆಮೇಲೆ ಆ ಆಲ್ಬಂ ಆ ಬ್ಯಾಂಡಿನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟ ಆಗುತ್ತೆ.

ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಹಿರಿಯರು ಹೇಳಿದ್ದು ದಾನದ ವಿಷಯಕ್ಕೆ. ಈ ಕಂಪನಿ ಅದನ್ನ ವ್ಯಾಪಾರದಲ್ಲೇ ಮಾಡಿ ತೋರಿಸ್ತು.

ಆ ಬ್ಯಾಂಡಿನ ಹೆಸರು ವಿಲ್ಕೋ, ಊರು ಅಮೆರಿಕದ ಶಿಕಾಗೋ. ಆಲ್ಬಂ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. ಕಂಪನಿ ಎಒಎಲ್ ಟೈಮ್ ವಾರ್ನರ್. ಇಸವಿ 2001.

ಇದನ್ನ ‘ದೊಡ್ಡವರಿಗೆ ಪಾಠ ಕಲಿಸಿದ ಸಣ್ಣ ಬ್ಯಾಂಡ್’ ಅಂತ ಎರಡು ನಿಮಿಷದ ರೀಲ್ಸ್ ಮಾಡಿ ಮುಗಿಸಬಹುದು. ಆದರೆ ಒಳಗೆ ಹೋದಷ್ಟೂ ಈ ಕಥೆ ಅಷ್ಟು ನೇರ ಇಲ್ಲ ಅಂತ ಗೊತ್ತಾಗುತ್ತೆ. ಇಲ್ಲಿ ಗೆದ್ದವರು ಇದ್ದಾರೆ. ಗೆದ್ದ ಆಲ್ಬಂ ಒಳಗೇ ಸೋತವರೂ ಇದ್ದಾರೆ.

‘ಆಗಲಿ ಸಾರ್’ ಅನ್ನೋ ಹೆಸರಿನ ಬ್ಯಾಂಡ್

ಇಲಿನಾಯ್ ರಾಜ್ಯದಲ್ಲಿ ಬೆಲ್‌ವಿಲ್ ಅಂತ ಒಂದು ಊರಿದೆ. ಜೆಫ್ ಟ್ವೀಡಿ ಮತ್ತು ಜೇ ಫರಾರ್ ಅನ್ನೋ ಇಬ್ಬರು ಹುಡುಗರು ಅಲ್ಲಿ ಸೇರಿ ‘ಅಂಕಲ್ ಟುಪೆಲೋ’ ಅನ್ನೋ ಬ್ಯಾಂಡ್ ಕಟ್ಟಿದ್ರು. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ಪಂಕ್ ರಾಕ್ ಸಿಟ್ಟು ಬೆರೆಸಿದ ಹಾಡುಗಳು. 1990ರಲ್ಲಿ ಬಂದ ಇವರ ಮೊದಲ ಆಲ್ಬಂ ‘ನೋ ಡಿಪ್ರೆಶನ್’ ಎಷ್ಟು ಪ್ರಭಾವ ಬೀರಿತು ಅಂದ್ರೆ, ‘ಆಲ್ಟರ್ನೇಟಿವ್ ಕಂಟ್ರಿ’ ಅನ್ನೋ ಒಂದು ಪ್ರಕಾರಕ್ಕೇ ಆ ಹೆಸರು ಅಂಟಿಕೊಳ್ತು.

1994ರಲ್ಲಿ ಫರಾರ್ ಬಿಟ್ಟು ಹೋದರು. ಉಳಿದವರನ್ನ ಕಟ್ಟಿಕೊಂಡು ಟ್ವೀಡಿ ಶುರು ಮಾಡಿದ್ದೇ ವಿಲ್ಕೋ. ಈ ಪದ ರೇಡಿಯೋ ಸಂಭಾಷಣೆಯಿಂದ ಬಂದದ್ದು. ಸೈನ್ಯದಲ್ಲಿ, ವಿಮಾನದಲ್ಲಿ ಆದೇಶ ಬಂದಾಗ ‘ಹೇಳಿದ ಹಾಗೇ ಮಾಡ್ತೀನಿ’ ಅನ್ನೋದಕ್ಕೆ ಚಿಕ್ಕದಾಗಿ ‘ವಿಲ್ಕೋ’ ಅಂತಾರೆ. ನಮ್ಮ ಆಫೀಸಿನ ಭಾಷೆಯಲ್ಲಿ ‘ಆಗಲಿ ಸಾರ್’. ಈ ಹೆಸರಿನ ಬ್ಯಾಂಡ್ ಮುಂದೆ ‘ಆಗಲ್ಲ ಸಾರ್’ ಅನ್ನೋದಕ್ಕೇ ಪ್ರಸಿದ್ಧ ಆಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು.

ವಿಲ್ಕೋ ಸಹಿ ಹಾಕಿದ್ದು ರಿಪ್ರೀಸ್ ರೆಕಾರ್ಡ್ಸ್ ಜೊತೆ. 1960ರಲ್ಲಿ ಫ್ರಾಂಕ್ ಸಿನಾಟ್ರಾ ಶುರು ಮಾಡಿದ ಲೇಬಲ್ ಇದು. ತನ್ನ ಸಂಗೀತದ ಮೇಲೆ ತನಗೇ ಹಿಡಿತ ಇರಬೇಕು ಅಂತ ಒಬ್ಬ ಗಾಯಕ ಕಟ್ಟಿದ ಕಂಪನಿ. ಕೆಲವೇ ವರ್ಷಗಳಲ್ಲಿ ಅದು ವಾರ್ನರ್ ಸಮೂಹದ ಕೈಗೆ ಹೋಯ್ತು.

ವಿಲ್ಕೋದ ಮೊದಲ ಆಲ್ಬಂ ‘ಎ.ಎಂ.’ ಬಂದದ್ದು 1995ರಲ್ಲಿ. ಸದ್ದು ಮಾಡಲಿಲ್ಲ. 1996ರ ‘ಬೀಯಿಂಗ್ ದೇರ್’ ಎರಡು ಡಿಸ್ಕಿನ ಆಲ್ಬಂ. ಎರಡು ಡಿಸ್ಕ್ ಅಂದ್ರೆ ಬೆಲೆ ಜಾಸ್ತಿ, ಆದರೆ ಕೇಳುಗರಿಗೆ ಒಂದೇ ಡಿಸ್ಕಿನ ಬೆಲೆಗೆ ಸಿಗಬೇಕು ಅಂತ ಟ್ವೀಡಿ ಹಟ ಹಿಡಿದ್ರು. ಅದಕ್ಕಾಗಿ ಬ್ಯಾಂಡ್ ತನ್ನ ರಾಯಲ್ಟಿಯನ್ನೇ ಕಡಿಮೆ ಮಾಡ್ಕೊಳ್ತು. ಈ ವಿಷಯ ನೆನಪಿಟ್ಕೊಳ್ಳಿ. ದುಡ್ಡು ಮತ್ತು ಹಾಡು ಎದುರುಬದುರು ನಿಂತಾಗ ಇವರು ಯಾವ ಕಡೆ ವಾಲ್ತಾರೆ ಅನ್ನೋದು ಅಲ್ಲೇ ಗೊತ್ತಾಗಿತ್ತು.

1999ರಲ್ಲಿ ‘ಸಮ್ಮರ್‌ಟೀತ್’ ಬಂತು. ವಿಮರ್ಶಕರು ಮೆಚ್ಚಿದ್ರು. ಲೇಬಲ್ಲಿಗೆ ಮಾತ್ರ ರೇಡಿಯೋದಲ್ಲಿ ಓಡೋ ಒಂದು ಹಾಡು ಬೇಕಿತ್ತು. ಬ್ಯಾಂಡ್ ಒಪ್ಪಿಕೊಂಡು ಒಂದು ಹಾಡನ್ನ ರೇಡಿಯೋಗೆ ತಕ್ಕಂತೆ ಮತ್ತೆ ತಯಾರು ಮಾಡ್ತು. ಆ ಹಾಡೂ ರೇಡಿಯೋದಲ್ಲಿ ಓಡಲಿಲ್ಲ. ಲೇಬಲ್ ಹೇಳಿದ್ದು ಕೇಳಿಯೂ ಏನೂ ಸಿಗಲಿಲ್ಲ ಅನ್ನೋ ಕಹಿ ಉಳೀತು.

ಅಡ್ವಾನ್ಸ್ ಅಂದ್ರೆ ಸಂಬಳ ಅಲ್ಲ

ಇಲ್ಲಿ ಎರಡು ನಿಮಿಷ ನಿಲ್ಲೋಣ. ರೆಕಾರ್ಡ್ ಕಂಪನಿ ವ್ಯವಹಾರ ಗೊತ್ತಿಲ್ಲದೆ ಮುಂದಿನ ಕಥೆಯ ಬಿಸಿ ತಟ್ಟಲ್ಲ.

ಲೇಬಲ್ ಬ್ಯಾಂಡಿಗೆ ಕೊಡೋ ದುಡ್ಡನ್ನ ‘ಅಡ್ವಾನ್ಸ್’ ಅಂತಾರೆ. ಅದು ಸಂಬಳ ಅಲ್ಲ, ಸಾಲದ ಹತ್ತಿರದ ಸಂಬಂಧಿ. ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್ ಖರ್ಚು, ಎಷ್ಟೋ ಸಲ ವಿಡಿಯೋ ಖರ್ಚು ಕೂಡ ಬ್ಯಾಂಡಿನ ಖಾತೆಗೆ ಬರೆದಿರ್ತಾರೆ. ಆಲ್ಬಂ ಮಾರಾಟ ಆದಾಗ ಬ್ಯಾಂಡಿನ ಪಾಲಿನ ರಾಯಲ್ಟಿಯಿಂದ ಅದನ್ನ ಮುರ್ಕೊಳ್ತಾರೆ. ಪೂರ್ತಿ ತೀರುವವರೆಗೆ ಕೈಗೆ ಕಾಸು ಬರಲ್ಲ. ಆಲ್ಬಂ ಓಡದೇ ಇದ್ರೆ ಸಾಮಾನ್ಯವಾಗಿ ಆ ದುಡ್ಡನ್ನ ವಾಪಸ್ ಕೇಳಲ್ಲ, ಅಷ್ಟರಮಟ್ಟಿಗೆ ಇದು ಸಾಲಕ್ಕಿಂತ ವಾಸಿ.

ಆದರೆ ಒಂದು ಬೆಲೆ ಇದೆ. ಮಾಸ್ಟರ್ಸ್, ಅಂದ್ರೆ ಮೂಲ ಧ್ವನಿಮುದ್ರಿಕೆಯ ಹಕ್ಕು ಲೇಬಲ್ಲಿನದು. ಬ್ಯಾಂಕ್ ಸಾಲ ತೀರಿದ್ರೆ ಮನೆ ನಮ್ಮದಾಗುತ್ತೆ. ಇಲ್ಲಿ ಸಾಲ ತೀರಿದ್ರೂ ಮನೆ ಬ್ಯಾಂಕಿನದೇ.

ಇದಕ್ಕಿಂತ ಅಪಾಯದ್ದು ಇನ್ನೊಂದು. ಲೇಬಲ್ಲಿಗೆ ಇಷ್ಟ ಆಗದಿದ್ರೆ ಆಲ್ಬಂ ಬಿಡುಗಡೆ ಮಾಡದೇ ಕಪಾಟಿನಲ್ಲಿ ಇಟ್ಟುಬಿಡಬಹುದು. ನೀವು ಬೇರೆ ಕಡೆ ಕೊಡೋ ಹಾಗಿಲ್ಲ, ಅವರು ಬಿಡುಗಡೆ ಮಾಡಲ್ಲ. ಎರಡು ವರ್ಷದ ಕೆಲಸಕ್ಕೆ ಧೂಳು ಹಿಡಿಯುತ್ತೆ. ಹೀಗೆ ಕಪಾಟಿನಲ್ಲೇ ಸತ್ತ ಆಲ್ಬಂಗಳು ಎಷ್ಟೋ. ಅವುಗಳ ಮೇಲೆ ಯಾರೂ ಪಾಡ್‌ಕಾಸ್ಟ್ ಮಾಡಲ್ಲ, ಯಾಕಂದ್ರೆ ಅವನ್ನ ಯಾರೂ ಕೇಳಿಲ್ಲ.

ಮಹಡಿ ಮೇಲಿನ ಸ್ಟುಡಿಯೋ

ಅಡ್ವಾನ್ಸ್ ದುಡ್ಡನ್ನ ದುಬಾರಿ ಸ್ಟುಡಿಯೋಗೆ ಸುರಿಯೋ ಬದಲು, ವಿಲ್ಕೋ ಶಿಕಾಗೋದಲ್ಲಿ ತಮ್ಮದೇ ಒಂದು ಜಾಗ ಮಾಡ್ಕೊಂಡಿತ್ತು. ಒಂದು ಹಳೇ ಕಟ್ಟಡದ ದೊಡ್ಡ ಹಾಲ್. ಎಲ್ಲರೂ ಅದನ್ನ ‘ಲಾಫ್ಟ್’ ಅಂತಲೇ ಕರೀತಾರೆ. ಉಪಕರಣ ತಮ್ಮದು, ಜಾಗ ತಮ್ಮದು, ಗಂಟೆ ಲೆಕ್ಕದ ಬಾಡಿಗೆ ಇಲ್ಲ. ಆದ್ದರಿಂದ ಪ್ರಯೋಗ ಮಾಡೋಕೆ ಹೆದರಿಕೆಯೂ ಇಲ್ಲ.

2000ದ ಕೊನೆ ಮತ್ತು 2001ರ ಶುರುವಿನಲ್ಲಿ ಅಲ್ಲಿ ನಡೆದದ್ದು ಒಂಥರಾ ಕಟ್ಟಿ ಕೆಡವೋ ಕೆಲಸ. ಗಿಟಾರ್ ಹಿಡಿದು ಕೂತು ಹಾಡಬಹುದಾದ ಸರಳ ಹಾಡುಗಳನ್ನ ಮೊದಲು ಬರೆಯೋದು. ಆಮೇಲೆ ಅವುಗಳ ಮೇಲೆ ಗಂಟೆ, ಗದ್ದಲ, ರೇಡಿಯೋ ಗೊರಗೊರ, ಪಿಯಾನೋ ಚೂರು ಎಲ್ಲವನ್ನ ಪೇರಿಸೋದು. ಆಮೇಲೆ ಬೇಡದ್ದನ್ನ ಒಂದೊಂದಾಗಿ ಕಿತ್ತು ಹಾಕೋದು.

ಪೇರಿಸೋದರಲ್ಲಿ ನಿಸ್ಸೀಮ ಜೇ ಬೆನೆಟ್. ಕೈಗೆ ಸಿಕ್ಕ ವಾದ್ಯ ಎಲ್ಲಾ ನುಡಿಸೋ ಮನುಷ್ಯ. ವಿಲ್ಕೋ ಸೇರೋಕೆ ಮುಂಚೆ ವಿಸಿಆರ್ ರಿಪೇರಿ ಮಾಡ್ತಿದ್ದವರು. ಈ ಆಲ್ಬಂನ ಹೆಚ್ಚಿನ ಹಾಡುಗಳಲ್ಲಿ ಟ್ವೀಡಿ ಜೊತೆ ಅವರ ಹೆಸರೂ ಇದೆ. ಇನ್ನು ಕಿತ್ತು ಹಾಕೋದಕ್ಕೆ ಬಂದವರು ಜಿಮ್ ಓ’ರೂರ್ಕ್, ಶಿಕಾಗೋದ ಪ್ರಯೋಗಶೀಲ ಸಂಗೀತಗಾರ. ಮಿಕ್ಸಿಂಗ್ ಜವಾಬ್ದಾರಿ ಅವರ ಕೈಗೆ ಹೋಯ್ತು. ಐವತ್ತು ಪದರ ಇದ್ದ ಕಡೆ ಯಾವ ಐದು ಕೇಳಿಸಬೇಕು ಅನ್ನೋದು ಅವರ ತೀರ್ಮಾನ. ಕೇಳುವಾಗ ಹಾಡು ಬಿಚ್ಚಿಕೊಳ್ತಿದೆ ಅನ್ನಿಸುತ್ತಲ್ಲ, ಅದರ ಗುಟ್ಟು ಈ ಕಿತ್ತು ಹಾಕಿದ್ದರಲ್ಲಿದೆ.

ಇದರ ನಡುವೆ ಬ್ಯಾಂಡಿನ ಒಳಗೂ ಕೀಳೋ ಕೆಲಸ ನಡೀತು. ಅಂಕಲ್ ಟುಪೆಲೋ ಕಾಲದಿಂದ ಜೊತೆಗಿದ್ದ ಡ್ರಮ್ಮರ್ ಕೆನ್ ಕೂಮರ್ ಅವರನ್ನ ಬಿಟ್ಟು ಗ್ಲೆನ್ ಕೋಚಿ ಅವರನ್ನ ತಗೊಂಡ್ರು. ಕೂಮರ್‌ಗೆ ಆ ಸುದ್ದಿ ಮುಟ್ಟಿದ್ದು ಬ್ಯಾಂಡಿನ ಮ್ಯಾನೇಜರ್ ಮಾಡಿದ ಫೋನಿನಿಂದ. ವರ್ಷಗಟ್ಟಲೆ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದ ಗೆಳೆಯರು ನೇರವಾಗಿ ಹೇಳಲಿಲ್ಲ. ಕಂಪನಿ ತಮ್ಮನ್ನ ಹೇಗೆ ನಡೆಸಿಕೊಳ್ತು ಅಂತ ದೂರೋ ಮುಂಚೆ, ಇದನ್ನೂ ಪಕ್ಕದಲ್ಲಿ ಇಟ್ಕೊಂಡಿರಬೇಕು.

ಇದೆಲ್ಲಾ ನಮಗೆ ಇಷ್ಟು ವಿವರವಾಗಿ ಗೊತ್ತಾಗೋಕೆ ಕಾರಣ ಸ್ಯಾಮ್ ಜೋನ್ಸ್ ಅನ್ನೋ ಫೋಟೋಗ್ರಾಫರ್. ಆಲ್ಬಂ ತಯಾರಾಗೋದನ್ನ ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸೋಕೆ ಅಂತ ಬಂದ್ರು. ಕಣ್ಣೆದುರೇ ಬ್ಯಾಂಡ್ ಒಡೀತು, ಲೇಬಲ್ ಕೈಬಿಡ್ತು. 2002ರಲ್ಲಿ ಆ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಒಂದು ದೃಶ್ಯ ಇದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ನಡುವಿನ ಕೆಲವೇ ಸೆಕೆಂಡಿನ ಬಗ್ಗೆ ಟ್ವೀಡಿ ಮತ್ತು ಬೆನೆಟ್ ವಾದ ಮಾಡ್ತಾರೆ, ಮಾಡ್ತಾನೇ ಇರ್ತಾರೆ. ಆಮೇಲೆ ಟ್ವೀಡಿ ಬಾತ್‌ರೂಮಿಗೆ ಹೋಗಿ ವಾಂತಿ ಮಾಡ್ತಾರೆ. ಅವರಿಗೆ ಮೈಗ್ರೇನ್ ತಲೆನೋವು ಮತ್ತು ಪ್ಯಾನಿಕ್ ಅಟ್ಯಾಕ್ ಚಿಕ್ಕಂದಿನಿಂದಲೂ ಬೆನ್ನು ಹತ್ತಿದ್ದವು. ನೋವಿನ ಮಾತ್ರೆ ಚಟವಾಗಿ, 2004ರಲ್ಲಿ ಅವರು ಚಿಕಿತ್ಸಾ ಕೇಂದ್ರ ಸೇರಿದ್ರು.

ಗಾಳಿಯಲ್ಲಿ ಸಿಕ್ಕ ಮೂರು ಪದ

ಈಗ ಹೆಸರಿನ ವಿಷಯ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಫೋನಿನಲ್ಲಿ ಹೆಸರಿನ ಅಕ್ಷರ ಬಿಡಿಸಿ ಹೇಳೋಕೆ ಆಲ್ಫಾ, ಬ್ರಾವೋ, ಚಾರ್ಲಿ ಅಂತಾರಲ್ಲ, ಅದೇ ಪಟ್ಟಿಯಲ್ಲಿ ವೈ ಅಂದ್ರೆ ಯಾಂಕೀ, ಎಚ್ ಅಂದ್ರೆ ಹೋಟೆಲ್, ಎಫ್ ಅಂದ್ರೆ ಫಾಕ್ಸ್‌ಟ್ರಾಟ್. ಅಷ್ಟೇ, ಬರೀ ಮೂರು ಅಕ್ಷರ.

ಈ ಮೂರು ಅಕ್ಷರ ಸಿಕ್ಕಿದ್ದು ಶಾರ್ಟ್‌ವೇವ್ ರೇಡಿಯೋದಿಂದ. ಶೀತಲ ಸಮರದ ಕಾಲದಿಂದ ‘ನಂಬರ್ ಸ್ಟೇಷನ್’ ಅಂತ ಕೆಲವು ವಿಚಿತ್ರ ಪ್ರಸಾರಗಳಿವೆ. ಯಾರದೋ ದನಿ ಒಂದೇ ಸಮನೆ ಅಂಕಿಗಳನ್ನೋ ಅಕ್ಷರಗಳನ್ನೋ ಓದುತ್ತೆ. ಯಾರು ಓದ್ತಿದ್ದಾರೆ, ಯಾರಿಗಾಗಿ, ಏನೂ ಹೇಳಲ್ಲ. ಬೇರೆ ದೇಶದಲ್ಲಿರೋ ಗೂಢಚಾರರಿಗೆ ಸಂಕೇತ ಅಂತ ಎಲ್ಲರೂ ನಂಬ್ತಾರೆ. ಇಂಥ ಪ್ರಸಾರಗಳನ್ನ ಹಿಡಿದು, ಬ್ರಿಟನ್ನಿನ ಇರ್ಡಿಯಲ್ ಅನ್ನೋ ಸಣ್ಣ ಲೇಬಲ್ 1997ರಲ್ಲಿ ‘ದಿ ಕಾನೆಟ್ ಪ್ರಾಜೆಕ್ಟ್’ ಹೆಸರಲ್ಲಿ ನಾಲ್ಕು ಸಿಡಿ ತಂದಿತ್ತು. ಟ್ವೀಡಿಗೆ ಅದರ ಗೀಳು ಹಿಡೀತು. ಕತ್ತಲಲ್ಲಿ ಯಾರೋ ಯಾರಿಗೋ ಏನೋ ಹೇಳ್ತಿದ್ದಾರೆ, ಆಚೆ ಕಡೆ ಅರ್ಥ ಆಯ್ತೋ ಇಲ್ವೋ ಗೊತ್ತಿಲ್ಲ. ಮನುಷ್ಯ ಮನುಷ್ಯನ ಜೊತೆ ಮಾತಾಡೋದೂ ಹೀಗೇ ಅಲ್ವಾ ಅನ್ನೋದು ಇಡೀ ಆಲ್ಬಂನ ಒಳಸುಳಿ.

ಹತ್ತನೇ ಹಾಡಿನ ಕೊನೆಯಲ್ಲಿ ಗದ್ದಲದ ನಡುವೆ ಒಬ್ಬ ಹೆಂಗಸಿನ ದನಿ ಈ ಮೂರು ಪದಗಳನ್ನ ಮತ್ತೆ ಮತ್ತೆ ಹೇಳುತ್ತೆ. ಆ ತುಣುಕು ಬಂದದ್ದು ಕಾನೆಟ್ ಸಿಡಿಯಿಂದ. ಅನುಮತಿ ಕೇಳಿರಲಿಲ್ಲ. ಇರ್ಡಿಯಲ್ ಕೋರ್ಟಿಗೆ ಹೋಯ್ತು, 2004ರಲ್ಲಿ ಕೋರ್ಟಿನ ಹೊರಗೆ ದುಡ್ಡು ಕೊಟ್ಟು ರಾಜಿ ಆಯ್ತು. ‘ನಮ್ಮ ಧ್ವನಿಮುದ್ರಿಕೆ ನಮ್ಮದು’ ಅಂತ ಹೋರಾಡಿದ ಆಲ್ಬಂ ಒಳಗೇ ಇನ್ನೊಬ್ಬರ ಧ್ವನಿಮುದ್ರಿಕೆ ಕೇಳದೇ ಬಂದು ಕೂತಿತ್ತು. ಸಣ್ಣ ಲೇಬಲ್ ತನ್ನ ಹಕ್ಕು ಕೇಳಿದ್ದು ನ್ಯಾಯವೇ.

ಶತಮಾನದ ಮದುವೆ

ಬ್ಯಾಂಡ್ ಲಾಫ್ಟಿನಲ್ಲಿ ಕೂತಿದ್ದಾಗ ನ್ಯೂಯಾರ್ಕಿನಲ್ಲಿ ಇನ್ನೊಂದು ಕಥೆ ನಡೀತಿತ್ತು. 2000ದ ಜನವರಿಯಲ್ಲಿ ಅಮೆರಿಕ ಆನ್‌ಲೈನ್, ಅಂದ್ರೆ ಎಒಎಲ್, ಟೈಮ್ ವಾರ್ನರನ್ನ ತಗೊಳ್ಳೋದಾಗಿ ಘೋಷಿಸ್ತು. ಎಒಎಲ್ ಅಂದ್ರೆ ಫೋನ್ ಲೈನಿನ ಮೂಲಕ ಡಯಲ್-ಅಪ್ ಇಂಟರ್‌ನೆಟ್ ಮಾರೋ ಕಂಪನಿ. ಟೈಮ್ ವಾರ್ನರ್ ಅಂದ್ರೆ ಸಿನಿಮಾ ಸ್ಟುಡಿಯೋ, ಪತ್ರಿಕೆ, ಸಿಎನ್‌ಎನ್, ಎಚ್‌ಬಿಒ, ಸಂಗೀತ ಎಲ್ಲವೂ ಇದ್ದ ದೈತ್ಯ. ಆ ಹೊತ್ತಿಗೆ ಅಮೆರಿಕ ಕಂಡಿದ್ದ ಅತಿ ದೊಡ್ಡ ವಿಲೀನ ಅದು. ನಿನ್ನೆ ಮೊನ್ನೆ ಹುಟ್ಟಿದ ಇಂಟರ್‌ನೆಟ್ ಕಂಪನಿ ಹಳೇ ದೊಡ್ಡಮನೆಯನ್ನ ಕೊಂಡ್ಕೊಳ್ತು. ಅದೂ ನಗದು ಕೊಟ್ಟಲ್ಲ, ತನ್ನ ಉಬ್ಬಿದ ಷೇರುಗಳನ್ನ ಕೊಟ್ಟು.

ಘೋಷಣೆಯಾದ ಎರಡೇ ತಿಂಗಳಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯೋಕೆ ಶುರುವಾಯ್ತು. ಆದರೂ 2001ರ ಜನವರಿಯಲ್ಲಿ ವಿಲೀನ ಮುಗೀತು. ಷೇರುದಾರರಿಗೆ ದೊಡ್ಡ ದೊಡ್ಡ ಲಾಭದ ಭರವಸೆ ಕೊಟ್ಟಾಗಿತ್ತು. ಭರವಸೆ ಉಳಿಸಿಕೊಳ್ಳೋಕೆ ಸುಲಭದ ದಾರಿ ಯಾವುದು? ಖರ್ಚು ಕಡಿತ. ಸಂಗೀತ ವಿಭಾಗದಲ್ಲೂ ನೂರಾರು ಜನರ ಕೆಲಸ ಹೋಯ್ತು. ವಿಲ್ಕೋ ಮೇಲೆ ನಂಬಿಕೆ ಇದ್ದ ರಿಪ್ರೀಸ್ ಅಧ್ಯಕ್ಷ ಹೋವಿ ಕ್ಲೈನ್ 2001ರ ಮಧ್ಯದಲ್ಲಿ ಹೊರನಡೆದ್ರು.

ಕೆಲಸಕ್ಕೆ ಹೋಗುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮನ್ನ ಸೇರಿಸಿಕೊಂಡ ಮ್ಯಾನೇಜರ್ ಬಿಟ್ಟು ಹೋದ ಮೇಲೆ, ಹೊಸ ಮ್ಯಾನೇಜರ್ ಕಣ್ಣಿಗೆ ನೀವು ಒಂದು ಖರ್ಚು ಅಷ್ಟೇ.

‘ಇದರಲ್ಲಿ ಸಿಂಗಲ್ ಎಲ್ಲಿದೆ?’

ಆಲ್ಬಂ ರಿಪ್ರೀಸ್ ಕೈ ಸೇರಿದಾಗ ತೀರ್ಮಾನ ತಗೊಳ್ಳೋ ಜಾಗದಲ್ಲಿದ್ದವರು ಡೇವಿಡ್ ಕಾನ್. ಅವರನ್ನ ಸಂಗೀತ ಗೊತ್ತಿಲ್ಲದ ಸೂಟುಬೂಟಿನ ಖಳನಾಯಕ ಅಂತ ತೋರಿಸೋದು ಸುಲಭ, ಆದರೆ ತಪ್ಪು. ಕಾನ್ ಸ್ವತಃ ಹೆಸರಾಂತ ನಿರ್ಮಾಪಕ. ಅವರು ನಿರ್ಮಿಸಿದ ಟೋನಿ ಬೆನೆಟ್ ಆಲ್ಬಂಗೆ 1995ರಲ್ಲಿ ‘ವರ್ಷದ ಆಲ್ಬಂ’ ಗ್ರ್ಯಾಮಿ ಬಂದಿತ್ತು. ಅವರು ಕೇಳಿದ ಪ್ರಶ್ನೆ ಅವರ ಕುರ್ಚಿಯ ಪ್ರಶ್ನೆ: ರೇಡಿಯೋಗೆ ಯಾವ ಹಾಡು ಕಳಿಸೋದು?

ಆ ಕಾಲದ ರೇಡಿಯೋ ಎಂಥದ್ದು ಅಂತಲೂ ನೋಡಿ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೆ ಒಂದು ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಇಟ್ಕೋಬಹುದು ಅನ್ನೋ ಮಿತಿಯೇ ಹೋಯ್ತು. ಕ್ಲಿಯರ್ ಚಾನೆಲ್ ಒಂದರ ಕೈಯಲ್ಲೇ ಸಾವಿರಕ್ಕೂ ಹೆಚ್ಚು ಸ್ಟೇಷನ್ ಸೇರಿದ್ವು. ಊರಿಗೊಂದು ರುಚಿ ಇದ್ದ ಜಾಗದಲ್ಲಿ ದೇಶಕ್ಕೆಲ್ಲಾ ಒಂದೇ ಪಟ್ಟಿ. ಅಲ್ಲಿ ಏಳು ನಿಮಿಷದ, ಅಲಾರಂ ಗಡಿಯಾರ ಬಡಿದುಕೊಳ್ಳೋ ಹಾಡಿನಿಂದ ಶುರುವಾಗೋ ಆಲ್ಬಂಗೆ ಜಾಗ ಎಲ್ಲಿ? ಕಾನ್ ಮಾರುಕಟ್ಟೆಯನ್ನ ತಪ್ಪಾಗಿ ಓದಲಿಲ್ಲ. ಇರೋ ಮಾರುಕಟ್ಟೆಯನ್ನ ಸರಿಯಾಗೇ ಓದಿದ್ರು. ಹುಟ್ತಾ ಇದ್ದ ಮಾರುಕಟ್ಟೆ ಅವರ ಲೆಕ್ಕದಲ್ಲಿ ಇರಲಿಲ್ಲ.

ಲೇಬಲ್ ಬದಲಾವಣೆ ಕೇಳ್ತು. ಸಮ್ಮರ್‌ಟೀತ್ ಸಮಯದ ಅನುಭವ ಮರೆತಿರದ ಟ್ವೀಡಿ ಒಪ್ಪಲಿಲ್ಲ. ವಿಲ್ಕೋ ಹೊರಬಿತ್ತು.

ಆದರೆ ಈ ಸಲ ಆಲ್ಬಂ ಕಪಾಟು ಸೇರಲಿಲ್ಲ. ಮಾತುಕತೆ ಮಾಡಿ ಹೊರಬರುವಾಗ ಮಾಸ್ಟರ್ಸ್ ಹಕ್ಕನ್ನ ಬ್ಯಾಂಡ್ ತನ್ನ ಜೊತೆಗೇ ತಗೊಂಡು ಬಂತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ. ಸಾಕ್ಷ್ಯಚಿತ್ರದಲ್ಲಿ ಜಗಳ ನೋಡ್ತೀವಿ, ಕಣ್ಣೀರು ನೋಡ್ತೀವಿ. ಕಥೆ ಉಳಿಸಿದ್ದು ಮಾತ್ರ ಒಂದು ಬೋರಿಂಗ್ ಕಾಗದ. ಲಾಯರ್ ಮತ್ತು ಮ್ಯಾನೇಜರ್ ಓದಿ ಸಹಿ ಹಾಕಿಸಿದ ಕಾಗದ.

ಸೆಪ್ಟೆಂಬರ್

ರಿಪ್ರೀಸ್ ಈ ಆಲ್ಬಂ ಬಿಡುಗಡೆಗೆ ಮೊದಲು ಗೊತ್ತು ಮಾಡಿದ್ದ ತಾರೀಖು ಯಾವುದು ಗೊತ್ತಾ? 2001ರ ಸೆಪ್ಟೆಂಬರ್ 11.

ಆ ಹೊತ್ತಿಗೆ ಬ್ಯಾಂಡಿಗೆ ಲೇಬಲ್ ಇರಲಿಲ್ಲ. ಜೇ ಬೆನೆಟ್ ಕೂಡ ಬ್ಯಾಂಡಿನಲ್ಲಿ ಇರಲಿಲ್ಲ. ಆಲ್ಬಂ ಮಾತ್ರ ಇಂಟರ್‌ನೆಟ್ಟಿಗೆ ಸೋರೋಕೆ ಶುರುವಾಗಿತ್ತು. ನ್ಯಾಪ್‌ಸ್ಟರ್ ಅದೇ ಜುಲೈನಲ್ಲಿ ಮುಚ್ಚಿತ್ತು ನಿಜ, ಆದರೆ ಅಷ್ಟರಲ್ಲಿ ಹಾಡು ಫೈಲ್ ಆಗಿಬಿಟ್ಟಿತ್ತು. ಫೈಲಿಗೆ ಬಾಗಿಲು ಹಾಕೋಕೆ ಆಗಲ್ಲ. ದೊಡ್ಡ ಕಂಪನಿಗಳೆಲ್ಲಾ ಪೈರಸಿ ಅಂತ ಕೋರ್ಟಿಗೆ ಓಡ್ತಿದ್ದ ಕಾಲದಲ್ಲಿ ವಿಲ್ಕೋ ಉಲ್ಟಾ ಹೊಡೀತು. ಸೆಪ್ಟೆಂಬರ್ 18ರಂದು ಇಡೀ ಆಲ್ಬಮ್ಮನ್ನ ತನ್ನದೇ ವೆಬ್‌ಸೈಟಿನಲ್ಲಿ ಸ್ಟ್ರೀಮ್ ಮಾಡ್ತು. ಪುಕ್ಕಟೆ. ಮೊದಲ ದಿನವೇ ಸುಮಾರು 50,000 ಭೇಟಿ, ಆ ವೆಬ್‌ಸೈಟಿಗೆ ಅದು ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು.

ಆ ದಿನಗಳನ್ನ ಊಹಿಸಿಕೊಳ್ಳಿ. ಅವಳಿ ಗೋಪುರ ಬಿದ್ದು ಒಂದು ವಾರ. ಆ ದೇಶದಲ್ಲಿ ಯಾರಿಗೂ ಏನು ಮಾತಾಡಬೇಕು ಅಂತ ತೋಚ್ತಿಲ್ಲ. ಆಗ ಸ್ಪೀಕರಿನಿಂದ ಈ ಆಲ್ಬಂ ಬರ್ತಿದೆ. ಒಂದು ಹಾಡಿನ ಹೆಸರಲ್ಲೇ ಅಮೆರಿಕದ ಬಾವುಟದ ಬೂದಿ ಇದೆ. ಇನ್ನೊಂದರ ಹೆಸರಲ್ಲಿ ಯುದ್ಧ. ಮತ್ತೊಂದರಲ್ಲಿ ಎತ್ತರದ ಕಟ್ಟಡಗಳು ಅಲುಗಾಡೋ ಚಿತ್ರ. ಎಲ್ಲಾ ಬರೆದದ್ದು, ಮುಗಿಸಿದ್ದು ದಾಳಿಗೆ ಮುಂಚೆ. ಮುಖಪುಟದಲ್ಲೂ ಎರಡು ಗೋಪುರ. ಆದರೆ ಅವು ನ್ಯೂಯಾರ್ಕಿನವಲ್ಲ. ಶಿಕಾಗೋ ನದಿ ದಡದ ಮರೀನಾ ಸಿಟಿ, 1960ರ ದಶಕದಲ್ಲಿ ಬರ್ಟ್ರಂಡ್ ಗೋಲ್ಡ್‌ಬರ್ಗ್ ಕಟ್ಟಿಸಿದ, ಮೆಕ್ಕೆಜೋಳದ ತೆನೆ ಹಾಗೆ ಕಾಣೋ ಜೋಡಿ ಕಟ್ಟಡ.

ಭವಿಷ್ಯವಾಣಿ ಅಂತ ಕೆಲವರು ಇದಕ್ಕೆ ಬಣ್ಣ ಕಟ್ಟಿದ್ರು. ಇದು ಕಾಕತಾಳೀಯ, ಅಷ್ಟೇ. ಆದರೆ ಕೇಳುವವರ ಎದೆಯಲ್ಲಿ ಏನಾಯ್ತು ಅನ್ನೋದು ಕಾಕತಾಳೀಯ ಅಲ್ಲ. ದೂರದ ಮನುಷ್ಯನಿಗೆ ಮಾತು ಮುಟ್ಟಿಸೋಕೆ ಒದ್ದಾಡೋ ಆಲ್ಬಂ ಅದು. ಎಲ್ಲರೂ ಫೋನು ಹಿಡಿದು ತಮ್ಮವರ ದನಿಗಾಗಿ ಕಾದಿದ್ದ ವಾರದಲ್ಲೇ ಜನರ ಕಿವಿಗೆ ಬಿತ್ತು.

ಆಮೇಲೆ ಬ್ಯಾಂಡ್ ಪ್ರವಾಸ ಹೊರಟಾಗ, ಅಂಗಡಿಗೇ ಬಂದಿರದ ಆಲ್ಬಂನ ಹಾಡುಗಳನ್ನ ಜನ ಬಾಯಿಪಾಠ ಹಾಡ್ತಿದ್ರು.

ಎಡಗೈ ಬಂದು ಕೊಂಡ್ಕೊಳ್ತು

ಇಷ್ಟಾದ ಮೇಲೆ ಹಲವು ಲೇಬಲ್‌ಗಳು ಬಾಗಿಲು ತಟ್ಟಿದ್ವು. ವಿಲ್ಕೋ ಆರಿಸಿಕೊಂಡಿದ್ದು ನಾನ್‌ಸಚ್ ರೆಕಾರ್ಡ್ಸ್. 1964ರಲ್ಲಿ ಕಡಿಮೆ ಬೆಲೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೊಡೋಕೆ ಅಂತ ಶುರುವಾದ ಲೇಬಲ್. ಸ್ಟೀವ್ ರೈಕ್, ಕ್ರೋನೋಸ್ ಕ್ವಾರ್ಟೆಟ್ ಥರದವರ ಮನೆ. ಕ್ಯೂಬಾದ ‘ಬ್ಯೂನ ವಿಸ್ಟಾ ಸೋಶಿಯಲ್ ಕ್ಲಬ್’ ಆಲ್ಬಮ್ಮನ್ನ ಅಮೆರಿಕಕ್ಕೆ ತಂದು, ರೇಡಿಯೋ ಹಿಟ್ ಇಲ್ಲದೆಯೂ ಲಕ್ಷಾಂತರ ಪ್ರತಿ ಮಾರಬಹುದು ಅಂತ ತೋರಿಸಿದ್ದವರು. ಅಧ್ಯಕ್ಷ ರಾಬರ್ಟ್ ಹರ್ವಿಟ್ಜ್ ನಿಧಾನಕ್ಕೆ ಮಾರಾಟ ಆಗೋ ಸರಕನ್ನ ನಂಬ್ತಿದ್ದವರು.

ನಾನ್‌ಸಚ್ ಯಾರ ಕಂಪನಿ? ಎಒಎಲ್ ಟೈಮ್ ವಾರ್ನರಿನದೇ!

2002ರ ಏಪ್ರಿಲ್ 23ರಂದು ಆಲ್ಬಂ ಅಧಿಕೃತವಾಗಿ ಬಿಡುಗಡೆ ಆಯ್ತು. ಏಳು ತಿಂಗಳಿಂದ ಪುಕ್ಕಟೆ ಕೇಳಿಸಿಕೊಂಡಿದ್ದ ಆಲ್ಬಮ್ಮನ್ನ ದುಡ್ಡು ಕೊಟ್ಟು ಯಾರು ತಗೋತಾರೆ? ತಗೊಂಡ್ರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 13ನೇ ಸ್ಥಾನದಿಂದಲೇ ಶುರು. ಕೊನೆಗೆ 5 ಲಕ್ಷ ಪ್ರತಿ ದಾಟಿ ‘ಗೋಲ್ಡ್’ ಮಾನ್ಯತೆ ಬಂತು. ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಅಂಕ ಕೊಡ್ತು. ‘ವಿಲೇಜ್ ವಾಯ್ಸ್’ ಪತ್ರಿಕೆ ನಡೆಸುತ್ತಿದ್ದ ವಿಮರ್ಶಕರ ಮತದಾನದಲ್ಲಿ 2002ರ ಅತ್ಯುತ್ತಮ ಆಲ್ಬಂ ಇದೇ.

ಈಗ ಆ ಶತಮಾನದ ಮದುವೆಯ ಲೆಕ್ಕವನ್ನೂ ನೋಡಿ. 2002ನೇ ವರ್ಷಕ್ಕೆ ಎಒಎಲ್ ಟೈಮ್ ವಾರ್ನರ್ ತೋರಿಸಿದ ನಷ್ಟ ಸುಮಾರು 99 ಶತಕೋಟಿ ಡಾಲರ್. ಅದರಲ್ಲಿ ಬಹುಪಾಲು ‘ಗುಡ್‌ವಿಲ್’ ಬರೆದು ಹಾಕಿದ್ದು. ಬಿ.ಕಾಂನವರಿಗೆ ಗುಡ್‌ವಿಲ್ ಅಂದ ತಕ್ಷಣ ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ನೆನಪಾಗಿ ಮೈ ನಡುಗುತ್ತೆ. ಒಂದು ವ್ಯಾಪಾರಕ್ಕೆ ಅದರ ಆಸ್ತಿಗಿಂತ ಹೆಚ್ಚು ಎಷ್ಟು ಕೊಟ್ರಿ, ಯಾವ ನಂಬಿಕೆ ಮೇಲೆ ಕೊಟ್ರಿ ಅನ್ನೋದರ ಹೆಸರೇ ಗುಡ್‌ವಿಲ್. ಆ ನಂಬಿಕೆ ಸುಳ್ಳಾಯ್ತು ಅಂತ ಕಂಪನಿಯೇ ಪುಸ್ತಕದಲ್ಲಿ ಬರೆದುಕೊಳ್ತು. ಅದರ ಮುಂದೆ ವಿಲ್ಕೋಗೆ ಎರಡು ಸಲ ಕೊಟ್ಟ ದುಡ್ಡು ಕಡಲೆಕಾಯಿ ಲೆಕ್ಕ. ಆದರೆ ತನ್ನ ಮನೆಯಲ್ಲಿ ಏನಿದೆ ಅಂತ ತನಗೇ ಗೊತ್ತಿಲ್ಲದ ಕಾಯಿಲೆ ಎರಡರಲ್ಲೂ ಒಂದೇ.

2004ರಲ್ಲಿ ವಾರ್ನರ್ ಮ್ಯೂಸಿಕ್ ಬೇರೆ ಹೂಡಿಕೆದಾರರ ಕೈಗೆ ಹೋಯ್ತು. 2009ರಲ್ಲಿ ಎಒಎಲ್ ಬೇರೆಯಾಯ್ತು. ಮದುವೆ ಮುರೀತು. ಆಲ್ಬಂ ಉಳೀತು.

ಜೇ ಬೆನೆಟ್

ಇಲ್ಲಿಗೆ ನಿಲ್ಲಿಸಿದ್ರೆ ಸುಖಾಂತ್ಯ. ಆದರೆ ವಿಸಿಆರ್ ರಿಪೇರಿ ಮಾಡ್ತಿದ್ದ ಆ ಮನುಷ್ಯನ ವಿಷಯ ಹೇಳದೇ ಹೋದ್ರೆ ಅದು ಅರ್ಧ ಸತ್ಯ.

ಬ್ಯಾಂಡಿನಿಂದ ಹೊರಬಿದ್ದ ಬೆನೆಟ್ ಆಮೇಲೂ ಹಾಡು ಮಾಡ್ತಾನೇ ಇದ್ರು. ತಮ್ಮದೇ ಆಲ್ಬಂಗಳನ್ನ ತಂದ್ರು, ಬೇರೆಯವರದನ್ನ ನಿರ್ಮಿಸಿದ್ರು. ಆದರೆ ಲೋಕಕ್ಕೆ ಅವರು ಆ ಸಾಕ್ಷ್ಯಚಿತ್ರದಲ್ಲಿ ಕೆಲವು ಸೆಕೆಂಡಿಗೆ ಜಗಳ ಆಡಿದ ಮನುಷ್ಯ ಆಗೇ ಉಳಿದ್ರು. 2009ರಲ್ಲಿ ಸೊಂಟದ ಕೀಲು ಬದಲಿಸೋ ಆಪರೇಷನ್ ಬೇಕಾಗಿತ್ತು, ವಿಮೆ ಇರಲಿಲ್ಲ. ಆ ಮೇ ತಿಂಗಳಲ್ಲಿ ತಮಗೆ ಬರಬೇಕಾದ ರಾಯಲ್ಟಿ ಬಂದಿಲ್ಲ ಅಂತ ಟ್ವೀಡಿ ಮೇಲೆ ಮೊಕದ್ದಮೆ ಹೂಡಿದ್ರು. ಅದೇ ತಿಂಗಳು 24ನೇ ತಾರೀಖು ಇಲಿನಾಯ್‌ನ ಅರ್ಬಾನಾದ ಮನೆಯಲ್ಲಿ ತೀರಿಕೊಂಡ್ರು. ಫೆಂಟನಿಲ್ ಅನ್ನೋ ನೋವು ನಿವಾರಕದ ಪ್ರಮಾಣ ಮೀರಿದ್ದು ಕಾರಣ, ಆಕಸ್ಮಿಕ ಅಂತ ತನಿಖೆಯಲ್ಲಿ ಬಂತು. ವಯಸ್ಸು 45.

ಯಾರು ಸರಿ, ಯಾರು ತಪ್ಪು ಅಂತ ತೀರ್ಪು ಕೊಡೋ ಜಾಗ ನನ್ನದಲ್ಲ. ಒಂದು ಮಾತ್ರ ಅನ್ನಿಸುತ್ತೆ. ಕಂಪನಿ ಬ್ಯಾಂಡನ್ನ ಬಿಟ್ಟಾಗ ಬ್ಯಾಂಡಿಗೆ ತನ್ನ ಮಾಸ್ಟರ್ಸ್ ಜೊತೆ ಹೊರಬರೋ ದಾರಿ ಸಿಕ್ತು. ಬ್ಯಾಂಡ್ ಒಬ್ಬನನ್ನ ಬಿಟ್ಟಾಗ ಅವನು ಜೊತೆಗೆ ಏನು ತಗೊಂಡು ಹೋಗಬಹುದು? ಆಲ್ಬಂನ ಪದರ ಪದರದಲ್ಲೂ ಅವರ ಕೈ ಇದೆ. ಇಂದಿಗೂ ಹೆಡ್‌ಫೋನ್ ಹಾಕಿ ಕೇಳಿದ್ರೆ ಪಿಯಾನೋ ಹಿಂದೆ, ಆರ್ಗನ್ ಹಿಂದೆ ಸಿಗ್ತಾರೆ. ಅದನ್ನ ಲೆಕ್ಕದ ಪುಸ್ತಕದಲ್ಲಿ ಬರೆಯೋಕೆ ಕಾಲಂ ಇಲ್ಲ.

ನಮಗೇನು?

ವಿಲ್ಕೋ 2011ರಲ್ಲಿ ತನ್ನದೇ ಲೇಬಲ್ ಶುರು ಮಾಡ್ತು. ಹೆಸರು ಡಿಬಿಪಿಎಂ. 2022ರಲ್ಲಿ ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟಿಗೆ ಇಪ್ಪತ್ತು ವರ್ಷ ತುಂಬಿದಾಗ ನಾನ್‌ಸಚ್ ದೊಡ್ಡ ಪೆಟ್ಟಿಗೆಯಲ್ಲಿ ಮರುಬಿಡುಗಡೆ ಮಾಡ್ತು. ಕಿತ್ತು ಹಾಕಿದ್ದ ಪದರಗಳು, ಬಿಟ್ಟುಬಿಟ್ಟಿದ್ದ ಆವೃತ್ತಿಗಳು ಎಲ್ಲಾ ಅದರಲ್ಲಿವೆ. 2023ರಲ್ಲಿ ಅದಕ್ಕೆ ‘ಐತಿಹಾಸಿಕ ಆಲ್ಬಂ’ ವಿಭಾಗದ ಗ್ರ್ಯಾಮಿ ಬಂತು. ಬೇಡ ಅಂತ ವಾಪಸ್ ಕಳಿಸಿದ ಸರಕು ಈಗ ಅಧಿಕೃತವಾಗಿ ಇತಿಹಾಸ.

ಇದನ್ನ ಕೇಳ್ತಿರೋ ನಿಮ್ಮಲ್ಲಿ ಎಷ್ಟೋ ಜನ ಏನಾದರೂ ಮಾಡ್ತಿದ್ದೀರಿ. ಹಾಡು, ವಿಡಿಯೋ, ಬರಹ, ಶಾರ್ಟ್ ಫಿಲ್ಮ್. ನಮಗೆ ಈಗ ಲೇಬಲ್ ಅಪ್ಪಣೆ ಬೇಕಾಗಿಲ್ಲ, ಫೋನ್ ಸಾಕು. 2001ರಲ್ಲಿ ವಿಲ್ಕೋ ಮಾಡಿದ್ದನ್ನ ನಾವು ದಿನಾ ಮಾಡ್ತೀವಿ. ಆದರೆ ಆ ಸ್ಟ್ರೀಮ್ ಓಡಿದ್ದು ಅವರದೇ ವೆಬ್‌ಸೈಟಿನಲ್ಲಿ, ಹಕ್ಕು ಅವರದೇ ಕೈಯಲ್ಲಿತ್ತು. ನಾವು ಇನ್ನೊಬ್ಬರ ಆ್ಯಪಿನಲ್ಲಿ ಹಾಕಿ ‘ನನ್ನ ಚಾನೆಲ್’ ಅಂತೀವಿ. ‘ಐ ಅಗ್ರೀ’ ಬಟನ್ ಒತ್ತುವಾಗ ನಾವೂ ಒಂಥರಾ ‘ವಿಲ್ಕೋ’ ಅಂತಲೇ ಹೇಳ್ತಿರ್ತೀವಿ. ಆಗಲಿ ಸಾರ್, ಹೇಳಿದ ಹಾಗೇ ಮಾಡ್ತೀನಿ.

ಆದ್ದರಿಂದ ಒಂದೇ ಒಂದು ಕೆಲಸ ಮಾಡಿ. ಯಾರಾದರೂ ನಿಮ್ಮ ಹಾಡಿಗೆ, ನಿಮ್ಮ ಕಥೆಗೆ ದುಡ್ಡು ಕೊಡ್ತೀವಿ ಅಂತ ಬಂದಾಗ, ‘ಎಷ್ಟು’ ಅನ್ನೋ ಮುಂಚೆ ‘ನೀವು ಬಿಡುಗಡೆ ಮಾಡದೇ ಇದ್ರೆ ಇದು ಯಾರದ್ದು’ ಅಂತ ಕೇಳಿ. ಜೊತೆಗೆ ಕೆಲಸ ಮಾಡಿದ ಗೆಳೆಯರಿದ್ರೆ, ಅವರ ಪಾಲು ಎಷ್ಟು ಅಂತ ಸ್ನೇಹ ಚೆನ್ನಾಗಿರೋವಾಗಲೇ ಬರೆದಿಟ್ಕೊಳ್ಳಿ.

ಆಲ್ಬಂ ಎಲ್ಲಾ ಆ್ಯಪ್‌ನಲ್ಲೂ ಸಿಗುತ್ತೆ. ಹನ್ನೊಂದು ಹಾಡು, ಒಂದು ಗಂಟೆಗೂ ಕಡಿಮೆ. ಶಫಲ್ ಆಫ್ ಮಾಡಿ, ಸಾಲಾಗಿ ಕೇಳಿ. ಹತ್ತನೇ ಹಾಡಿನ ಕೊನೆಯಲ್ಲಿ ಆ ಹೆಂಗಸಿನ ದನಿ ಬಂದಾಗ ಸ್ಕಿಪ್ ಮಾಡಬೇಡಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.